ತಾನೇ ಸಜ್ಜಾಗುವ ಸಣ್ಣ ಸರ್ವರ್: ಪೆಟ್ಟಿಗೆ ಕೆಟ್ಟ ದಿನ ಅದನ್ನು ಯಾರು ಎಬ್ಬಿಸಬೇಕು?

ಚರ್ಚೆ ಆರಂಭಿಸಿದವರು

ಐದರಿಂದ ಇಪ್ಪತ್ತು ಮಂದಿ ಕೆಲಸ ಮಾಡುವ ಸಣ್ಣ ಉದ್ದಿಮೆಗಳಿಗಾಗಿ ಕಡಿಮೆ ಖರ್ಚಿನ ಸರ್ವರ್ ಒಂದನ್ನು ಕಟ್ಟುವ ಕೆಲಸದಲ್ಲಿ ನಾನು ಕೆಲವು ತಿಂಗಳಿಂದ ತೊಡಗಿದ್ದೇನೆ. ಕೇಬಲ್ ಸಿಕ್ಕಿಸಿ ಗುಂಡಿ ಒತ್ತಿದರೆ ಫೈಲ್ ಹಂಚಿಕೆ, ಪ್ರಿಂಟರ್, ಲೆಕ್ಕಪತ್ರದ ದತ್ತಸಂಚಯ (ಡೇಟಾಬೇಸ್), ಬ್ಯಾಕಪ್, ಹೊರಗಿನಿಂದ ಸುರಕ್ಷಿತ ಪ್ರವೇಶ ಇವಿಷ್ಟೂ ತಾವಾಗಿ ಸಜ್ಜಾಗಬೇಕು, ತಂತ್ರಜ್ಞರಿಲ್ಲದ ಕಚೇರಿಯಲ್ಲೂ ಅದು ವರ್ಷಗಟ್ಟಲೆ ನಡೆಯಬೇಕು ಎಂಬುದು ಗುರಿ. ಈವರೆಗಿನ ವಿನ್ಯಾಸವನ್ನು ನಿಮ್ಮ ಮುಂದಿಟ್ಟು, ಇಂಥ ಪೆಟ್ಟಿಗೆಗಳನ್ನು ನಿಜವಾಗಿ ನೋಡಿಕೊಂಡವರ ಅಭಿಪ್ರಾಯ ಕೇಳಬೇಕೆಂದು ಈ ಚರ್ಚೆ ಆರಂಭಿಸುತ್ತಿದ್ದೇನೆ.

ಈ ಆಸೆ ಹೊಸದೇನಲ್ಲ. 1998ರಲ್ಲಿ ಕೋಬಾಲ್ಟ್ ನೆಟ್‌ವರ್ಕ್ಸ್ ಸಂಸ್ಥೆ ಕ್ಯೂಬ್ ಎಂಬ ನೀಲಿ ಬಣ್ಣದ ಪುಟ್ಟ ಲಿನಕ್ಸ್ ಪೆಟ್ಟಿಗೆಯನ್ನು ತಂದಿತ್ತು. ಅದಕ್ಕೆ ಮಾನಿಟರ್ ಬೇಕಿರಲಿಲ್ಲ; ಪೆಟ್ಟಿಗೆಯಲ್ಲೇ ಇದ್ದ ಚಿಕ್ಕ ಎಲ್‌ಸಿಡಿ ಪರದೆ ಮತ್ತು ಗುಂಡಿಗಳಿಂದ ಐಪಿ ವಿಳಾಸ, ಅಂದರೆ ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ, ಕೊಟ್ಟರೆ ಉಳಿದ ಕೆಲಸವನ್ನು ಬ್ರೌಸರ್‌ನಲ್ಲಿ ಮುಗಿಸಬಹುದಿತ್ತು. 2000ದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಸಂಸ್ಥೆಯನ್ನು ಕೊಂಡಿತು, ಕೆಲವೇ ವರ್ಷಗಳಲ್ಲಿ ಆ ಸರಣಿಯೇ ನಿಂತುಹೋಯಿತು. ಮೈಕ್ರೋಸಾಫ್ಟ್‌ನ ಸ್ಮಾಲ್ ಬಿಸಿನೆಸ್ ಸರ್ವರ್ ಎಂಬ ಹೆಸರು 2011ರ ಆವೃತ್ತಿಯೊಂದಿಗೆ ಮುಗಿಯಿತು. ಇಂದು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಮೇಲೆ ನಿಂತಿರುವ ಫ್ರೀಡಂಬಾಕ್ಸ್ ಮತ್ತು ಯುನೋಹೋಸ್ಟ್ ಮುಕ್ತ ತಂತ್ರಾಂಶದ ದಾರಿಯಲ್ಲಿ ಇದೇ ಕೆಲಸವನ್ನು ಮುಂದುವರಿಸಿವೆ. ಈ ಪ್ರಯತ್ನಗಳನ್ನೆಲ್ಲ ನೋಡಿದ ಮೇಲೆ ನನಗೆ ಅನ್ನಿಸುವುದೇನೆಂದರೆ, ಮೊದಲ ದಿನವನ್ನು ಸುಲಭಗೊಳಿಸಲು ನಾವೆಲ್ಲ ತುಂಬ ಶ್ರಮಿಸಿದ್ದೇವೆ, ಆದರೆ ಯಂತ್ರ ಕೆಟ್ಟ ದಿನ ಕಚೇರಿಯಲ್ಲಿ ಇರುವವರೇ ಅದನ್ನು ಮತ್ತೆ ಕಟ್ಟುವಂತಾಗಬೇಕು ಎಂಬುದರ ಬಗ್ಗೆ ಅಷ್ಟಾಗಿ ಯೋಚಿಸಿಲ್ಲ.

ಯಂತ್ರಾಂಶದ ಆಯ್ಕೆ ಕಷ್ಟವಲ್ಲ. ಕಚೇರಿಗಳಲ್ಲಿ ಬಳಸಿ ಬಿಟ್ಟ ಮಿನಿ ಪಿಸಿ, 8ರಿಂದ 16 ಜಿಬಿ ರ‍್ಯಾಮ್, ಒಂದೇ ದತ್ತಾಂಶವನ್ನು ಜೋಡಿಯಾಗಿ ಇಟ್ಟುಕೊಳ್ಳುವ ಎರಡು ಡಿಸ್ಕ್, ಬ್ಯಾಕಪ್‌ಗೆ ಹೊರಗಿನ ಒಂದು ಡಿಸ್ಕ್ ಇದ್ದರೆ ಸಾಕು. ಸರಾಸರಿ 15 ವ್ಯಾಟ್ ಎಳೆಯುವ ಯಂತ್ರ ವರ್ಷವಿಡೀ ಓಡಿದರೆ ಸುಮಾರು 131 ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. 100 ವ್ಯಾಟ್ ಎಳೆಯುವ ಹಳೆಯ ಟವರ್ ಸರ್ವರ್ 876 ಯೂನಿಟ್ ನುಂಗುತ್ತದೆ. ಬಿಟ್ಟಿಯಾಗಿ ಸಿಕ್ಕ ದೊಡ್ಡ ಸರ್ವರ್ ಅಗ್ಗವೆಂದು ತಿಳಿಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ವಿನ್ಯಾಸದ ತಿರುಳು ಇಷ್ಟು: ಪೆಟ್ಟಿಗೆ ಹೇಗಿರಬೇಕು ಎಂಬ ವಿವರಣೆ ಒಂದೇ ಒಂದು ಕಡತದಲ್ಲಿರುತ್ತದೆ, ಆ ಕಡತ ಮತ್ತು ದತ್ತಾಂಶ ಎರಡನ್ನು ಬಿಟ್ಟು ಉಳಿದದ್ದೆಲ್ಲವೂ ಯಾವಾಗ ಬೇಕಾದರೂ ಅಳಿಸಿ ಮತ್ತೆ ಹುಟ್ಟಿಸಬಹುದಾದದ್ದು. ಹಂತಗಳನ್ನು ಹೇಳಬೇಡಿ, ಕೊನೆಗೆ ಏನಿರಬೇಕೋ ಅದನ್ನು ಹೇಳಿ, ಯಂತ್ರ ತಾನಾಗಿ ಆ ಸ್ಥಿತಿಗೆ ಬಂದು ನಿಲ್ಲಲಿ ಎಂಬ ಈ ಆಲೋಚನೆಯನ್ನು ಮಾರ್ಕ್ ಬರ್ಗೆಸ್ 1993ರಲ್ಲಿ ಆರಂಭಿಸಿದ ಸಿಎಫ್‌ಎಂಜಿನ್ ತಂತ್ರಾಂಶ ಬೆಳೆಸಿತು; ಪಪೆಟ್, ಆನ್ಸಿಬಲ್, ನಿಕ್ಸ್‌ಓಎಸ್ ಎಲ್ಲವೂ ಆ ಸಾಲಿನವೇ. ಒಂದೇ ವಿವರಣೆಯನ್ನು ಹತ್ತು ಸಲ ಓಡಿಸಿದರೂ ಫಲಿತಾಂಶ ಒಂದೇ ಆಗಿರಬೇಕು ಎಂಬ ಗುಣ ಇಲ್ಲದಿದ್ದರೆ ತಾನೇ ಸಜ್ಜಾಗುವ ಯಂತ್ರ ಎರಡನೆಯ ಸಲ ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ.

ಮೊದಲ ದಿನ ಬಳಕೆದಾರರನ್ನು ನಾನು ನಾಲ್ಕು ಪ್ರಶ್ನೆ ಮಾತ್ರ ಕೇಳುತ್ತೇನೆ: ಉದ್ದಿಮೆಯ ಹೆಸರು, ನೋಡಿಕೊಳ್ಳುವವರ ಹೆಸರು, ಅವರ ಪಾಸ್‌ವರ್ಡ್, ಎರಡನೆಯ ಬ್ಯಾಕಪ್ ಎಲ್ಲಿಗೆ ಹೋಗಬೇಕು ಎಂಬುದು. ಇದು ಸಾಕೇ, ಅಥವಾ ಅತಿಯಾಯಿತೇ ಎಂಬುದು ನನ್ನ ಮೊದಲ ಪ್ರಶ್ನೆ.

ಜಾಲ ನಿರ್ವಾಹಕರೊಬ್ಬರು

ನಾಲ್ಕು ಪ್ರಶ್ನೆ ಸಾಕು. ಆದರೆ ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಪೆಟ್ಟಿಗೆ ತಾನೇ ಉತ್ತರ ಊಹಿಸುತ್ತದಲ್ಲ, ಅಪಾಯ ಇರುವುದು ಅಲ್ಲಿ. ನನಗೆ ಆದ ಒಂದು ಅನುಭವವನ್ನು ವಿವರವಾಗಿ ಹೇಳುತ್ತೇನೆ.

ಹದಿನಾಲ್ಕು ಕಂಪ್ಯೂಟರ್‌ಗಳಿದ್ದ ಕಚೇರಿಯೊಂದಕ್ಕೆ ತಾನೇ ಸಜ್ಜಾಗುವ ಸರ್ವರ್ ಒಂದನ್ನು ತಂದು ಬೆಳಿಗ್ಗೆ ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲದ ಸ್ವಿಚ್‌ಗೆ ಸಿಕ್ಕಿಸಿದೆವು. ಅದು ಎದ್ದ ಕೂಡಲೇ ಡಿಎಚ್‌ಸಿಪಿ ಸೇವೆಯನ್ನೂ ಆರಂಭಿಸಿ ಐಪಿ ವಿಳಾಸ ಹಂಚತೊಡಗಿತು. ಆ ಕೆಲಸವನ್ನು ಅಲ್ಲಿದ್ದ ರೂಟರ್ ಆಗಲೇ ಮಾಡುತ್ತಿತ್ತು. ವಿಚಿತ್ರವೆಂದರೆ ಮಧ್ಯಾಹ್ನದವರೆಗೆ ಯಾರಿಗೂ ತೊಂದರೆ ಕಾಣಲಿಲ್ಲ, ಏಕೆಂದರೆ ವಿಳಾಸ ಪಡೆದ ಕಂಪ್ಯೂಟರ್ ಅದರ ಅವಧಿ ಅರ್ಧ ಮುಗಿದಾಗ ಮೊದಲು ಕೊಟ್ಟ ಸರ್ವರ್‌ನ ಬಳಿಯೇ ನವೀಕರಣ ಕೇಳುತ್ತದೆ. ಊಟದ ಹೊತ್ತಿಗೆ ಆರಿಸಿ ಮತ್ತೆ ಹಚ್ಚಿದ ಯಂತ್ರಗಳು ಮಾತ್ರ ಒಂದೊಂದಾಗಿ ಹೊಸ ಪೆಟ್ಟಿಗೆಯ ವ್ಯಾಪ್ತಿಗೆ ಬಂದವು. ಅವುಗಳಿಗೆ ಪ್ರಿಂಟರ್ ಕಾಣುತ್ತಿರಲಿಲ್ಲ, ಅಂತರ್ಜಾಲ ಸಿಗುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಏಳು ಯಂತ್ರ ಸರಿಯಾಗಿದ್ದವು, ಏಳು ಕೆಟ್ಟಿದ್ದವು, ಅವುಗಳ ನಡುವೆ ಕಣ್ಣಿಗೆ ಕಾಣುವ ಯಾವ ವ್ಯತ್ಯಾಸವೂ ಇರಲಿಲ್ಲ. ಕೇಬಲ್ ಬದಲಿಸಿದೆವು, ಸ್ವಿಚ್ ಬದಲಿಸಿದೆವು. ಎರಡು ಬಗೆಯ ಐಪಿ ವಿಳಾಸಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡಾಗಲೇ ಕಾರಣ ಹೊಳೆದದ್ದು.

ಆದ್ದರಿಂದ ಪೆಟ್ಟಿಗೆ ಜಾಲಕ್ಕೆ ಬಂದ ಕೂಡಲೇ ಮಾತನಾಡಬಾರದು, ಕೇಳಿಸಿಕೊಳ್ಳಬೇಕು. ಮೊದಲು ತಾನೇ ಒಬ್ಬ ಸಾಮಾನ್ಯ ಗ್ರಾಹಕನಂತೆ ಡಿಎಚ್‌ಸಿಪಿ ವಿಚಾರಣೆ ಕಳುಹಿಸಿ, ಯಾರಾದರೂ ವಿಳಾಸ ನೀಡಲು ಮುಂದಾದರೆ ಆ ಕೆಲಸವನ್ನು ಅವರಿಗೇ ಬಿಡಬೇಕು. ಯಾರೂ ಉತ್ತರಿಸದಿದ್ದರೂ ತಾನೇ ಹಂಚಲು ಹೊರಡದೆ ನೋಡಿಕೊಳ್ಳುವವರ ಒಪ್ಪಿಗೆ ಕೇಳುವುದು ಲೇಸು, ಏಕೆಂದರೆ ಆ ನಿಮಿಷದಲ್ಲಿ ರೂಟರ್ ಆರಿರಬಹುದು. ಉಳಿದವರು ಪೆಟ್ಟಿಗೆಯನ್ನು ಹುಡುಕುವುದಕ್ಕೆ ಸ್ಥಿರ ವಿಳಾಸ ಬೇಕಿಲ್ಲ. 2013ರಲ್ಲಿ ಮಾನಕಗಳಾಗಿ ಪ್ರಕಟವಾದ ಎಂಡಿಎನ್‌ಎಸ್ ಮತ್ತು ಡಿಎನ್‌ಎಸ್‌-ಎಸ್‌ಡಿ, ಅಂದರೆ ಯಂತ್ರ ತನ್ನ ಹೆಸರು ಮತ್ತು ಸೇವೆಗಳನ್ನು ತಾನೇ ಜಾಲದಲ್ಲಿ ಘೋಷಿಸುವ ಕ್ರಮಗಳು, ಇದಕ್ಕೆಂದೇ ಇವೆ. ಲಿನಕ್ಸ್‌ನಲ್ಲಿ ಅವಾಹಿ ಆ ಕೆಲಸ ಮಾಡುತ್ತದೆ, ಡಾಟ್ ಲೋಕಲ್ ಎಂದು ಮುಗಿಯುವ ಹೆಸರನ್ನು ಬ್ರೌಸರ್‌ನಲ್ಲಿ ಬರೆದರೆ ಪುಟ ತೆರೆಯುತ್ತದೆ. ಆದರೆ ಆ ಘೋಷಣೆ ಒಂದೇ ಉಪಜಾಲದೊಳಗೆ, ಅಂದರೆ ಜಾಲದ ಒಂದೇ ಭಾಗದೊಳಗೆ, ಮಾತ್ರ ಕೇಳಿಸುತ್ತದೆ. ಅತಿಥಿಗಳ ವೈಫೈನಲ್ಲಿ ಕುಳಿತು ಪೆಟ್ಟಿಗೆ ಸಿಗುತ್ತಿಲ್ಲ ಎನ್ನುವವರು ಖಂಡಿತ ಇರುತ್ತಾರೆ.

ಇನ್ನೊಂದು ಬೇಡಿಕೆ: ಪೆಟ್ಟಿಗೆ ತಾನಾಗಿ ತೆಗೆದುಕೊಂಡ ಪ್ರತಿಯೊಂದು ನಿರ್ಧಾರವನ್ನೂ, ಏನನ್ನು ಕಂಡು ಹಾಗೆ ನಿರ್ಧರಿಸಿತು ಎಂಬುದರ ಸಮೇತ, ಸಾಮಾನ್ಯರಿಗೆ ಅರ್ಥವಾಗುವ ವಾಕ್ಯಗಳಲ್ಲಿ ಬರೆದಿಡಲಿ. ಆ ದಿನ ನನಗೆ ಅಂಥ ಒಂದು ಸಾಲು ಸಿಕ್ಕಿದ್ದರೆ ಆರು ಗಂಟೆ ಉಳಿಯುತ್ತಿತ್ತು.

ಲೆಕ್ಕಪತ್ರ ಕಚೇರಿಯೊಂದರ ವ್ಯವಸ್ಥಾಪಕಿ

ನಾನು ತಂತ್ರಜ್ಞೆಯಲ್ಲ. ಇಲ್ಲಿ ಬರೆಯಬಹುದೇ ಎಂದು ಯೋಚಿಸಿದೆ. ಆದರೆ ಇಂಥ ಪೆಟ್ಟಿಗೆ ಕೆಟ್ಟಾಗ ಅದರ ಮುಂದೆ ನಿಲ್ಲುವವರು ನಮ್ಮಂಥವರೇ ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕಚೇರಿಯಲ್ಲಿ ಸರ್ವರ್ ನಾಲ್ಕು ವರ್ಷ ಸದ್ದಿಲ್ಲದೆ ನಡೆಯಿತು. ಅದನ್ನು ಸಿದ್ಧಪಡಿಸಿ ಕೊಟ್ಟವರು ಎರಡನೆಯ ವರ್ಷದಲ್ಲೇ ಬೇರೆ ಕೆಲಸ ಹಿಡಿದು ಹೋಗಿದ್ದರು. ಒಂದು ಬೆಳಿಗ್ಗೆ ಯಾವ ಫೈಲೂ ತೆರೆಯಲಿಲ್ಲ. ಆಮೇಲೆ ತಿಳಿದದ್ದೇನೆಂದರೆ, ಜೋಡಿ ಡಿಸ್ಕ್‌ಗಳಲ್ಲಿ ಒಂದು ಏಳು ತಿಂಗಳ ಹಿಂದೆಯೇ ಸತ್ತಿತ್ತು, ಈಗ ಉಳಿದದ್ದೂ ಸತ್ತಿತ್ತು. ಅದನ್ನು ಸೂಚಿಸುವ ಕಿತ್ತಳೆ ಬಣ್ಣದ ದೀಪ ಬೀರುವಿನೊಳಗೆ ಅಷ್ಟೂ ದಿನ ಮಿನುಗುತ್ತಿತ್ತು, ಬೀರುವಿನ ಬಾಗಿಲು ಮುಚ್ಚಿತ್ತು. ಎಚ್ಚರಿಕೆಯ ಮಿಂಚಂಚೆಗಳು ಬಿಟ್ಟುಹೋದವರ ಹಳೆಯ ವಿಳಾಸಕ್ಕೆ ಪ್ರತಿ ರಾತ್ರಿ ಹೋಗುತ್ತಿದ್ದವು. ಬ್ಯಾಕಪ್ ಡಿಸ್ಕ್ ಐದು ತಿಂಗಳ ಹಿಂದೆ ತುಂಬಿ ಅಲ್ಲಿಗೇ ನಿಂತಿತ್ತು. ಎರಡು ಡಿಸ್ಕ್ ಇದೆ, ಬ್ಯಾಕಪ್ ಇದೆ ಎಂದು ನಾನು ಮಾಲೀಕರಿಗೆ ಭರವಸೆ ಕೊಡುತ್ತಲೇ ಬಂದಿದ್ದೆ, ಮತ್ತು ನಾನು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಐದು ತಿಂಗಳ ದಾಖಲೆಗಳನ್ನು ನಾವು ಮೂವರು ಕಾಗದದ ಪ್ರತಿಗಳಿಂದ ಮತ್ತೆ ತುಂಬಿದೆವು.

ಪೆಟ್ಟಿಗೆ ತಾನೇ ಸಜ್ಜಾಗುತ್ತದೋ ಇಲ್ಲವೋ ಎಂಬುದು ನನಗೆ ಅಷ್ಟು ಮುಖ್ಯವಲ್ಲ, ಏಕೆಂದರೆ ಮೊದಲ ದಿನ ಹೇಗೂ ಯಾರಾದರೂ ತಿಳಿದವರು ಜೊತೆಗಿರುತ್ತಾರೆ. ಅದು ತನ್ನ ಸ್ಥಿತಿಯನ್ನು ನನಗೆ ಹೇಳಬೇಕು. ಕಚೇರಿಯ ಪ್ರಿಂಟರ್ ಅದಕ್ಕೆ ಗೊತ್ತೇ ಇದೆ. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಹಾಳೆ ಮುದ್ರಿಸಲಿ: ಕಳೆದ ವಾರ ಎಷ್ಟು ದಿನ ಬ್ಯಾಕಪ್ ಆಯಿತು, ಅದರಲ್ಲಿ ಉಳಿದ ಕೊನೆಯ ಫೈಲಿನ ಹೆಸರೇನು, ಎರಡೂ ಡಿಸ್ಕ್ ಸರಿಯಿವೆಯೇ, ಎಷ್ಟು ಜಾಗ ಉಳಿದಿದೆ. ಹಾಳೆ ಬಾರದ ಸೋಮವಾರ ಏನೋ ಆಗಿದೆ ಎಂದು ನನಗೆ ಗೊತ್ತಾಗುತ್ತದೆ. ಮಿಂಚಂಚೆ ಬಾರದಿದ್ದರೆ ಅದು ಗೊತ್ತಾಗುವುದೇ ಇಲ್ಲ.

ಹೊಸ ಸದಸ್ಯರೊಬ್ಬರು

ಇಷ್ಟೆಲ್ಲ ತಾಪತ್ರಯವಿದ್ದರೆ ಎಲ್ಲವನ್ನೂ ಕ್ಲೌಡ್ ಸೇವೆಗೆ ಒಪ್ಪಿಸಬಾರದೇಕೆ? ಕಚೇರಿಯಲ್ಲಿ ಪೆಟ್ಟಿಗೆ ಇಟ್ಟುಕೊಳ್ಳುವ ಅಗತ್ಯವೇ ಇಲ್ಲವಲ್ಲ.

ಚರ್ಚೆ ಆರಂಭಿಸಿದವರು

ಕೆಲಸವೆಲ್ಲ ಬ್ರೌಸರ್‌ನಲ್ಲೇ ಮುಗಿಯುವ ಉದ್ದಿಮೆಗೆ ಪೆಟ್ಟಿಗೆ ಬೇಡ ಎಂದು ನಾನೂ ಒಪ್ಪುತ್ತೇನೆ. ದೊಡ್ಡ ಚಿತ್ರ ಮತ್ತು ನಕ್ಷೆಗಳೊಂದಿಗೆ ಕೆಲಸ ಮಾಡುವವರು, ಕಚೇರಿಯೊಳಗಿನ ಜಾಲದ ವೇಗವನ್ನೇ ನಂಬಿರುವ ದತ್ತಸಂಚಯ ಇರುವವರು, ಅಂತರ್ಜಾಲ ಕಡಿದ ದಿನವೂ ಬಿಲ್ ಮಾಡಲೇಬೇಕಾದವರು ಪೆಟ್ಟಿಗೆಯನ್ನು ಬಿಡಲಾರರು. ಬ್ಯಾಕಪ್‌ನ ಎರಡನೆಯ ಪ್ರತಿಯನ್ನು ಗೂಢಲಿಪಿಗೆ ಬದಲಿಸಿ ಹೊರಗೆ ಕಳುಹಿಸುವುದಕ್ಕೆ ಕ್ಲೌಡ್ ಅನ್ನು ನಾನು ಬಳಸುತ್ತಿದ್ದೇನೆ.

ಸೋಮವಾರದ ಹಾಳೆಯ ಸಲಹೆಗೆ ಹೃತ್ಪೂರ್ವಕ ಧನ್ಯವಾದ. ಅದನ್ನು ಈ ವಾರವೇ ಸೇರಿಸುತ್ತೇನೆ. ಡಿಎಚ್‌ಸಿಪಿಯ ವಿಷಯದಲ್ಲೂ ನನ್ನ ವಿನ್ಯಾಸ ತಪ್ಪಾಗಿತ್ತು. ಅದು ಉತ್ತರ ಬಾರದಿದ್ದರೆ ತಾನೇ ಆರಂಭಿಸುತ್ತಿತ್ತು. ಬದಲಿಸಿದ್ದೇನೆ.

ಭದ್ರತೆಯ ಕೆಲಸ ಮಾಡುವವರು

ಪಾಸ್‌ವರ್ಡ್ ಬಗ್ಗೆ ಒಂದು ಮಾತು. 2016ರ ಮಿರಾಯ್ ದಾಳಿಯ ತಂತ್ರಾಂಶವು, ಸಾಧನಗಳಿಗೆ ಕಾರ್ಖಾನೆಯಲ್ಲೇ ಹಾಕಿದ್ದ ಸುಮಾರು 60 ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಒಂದಾದ ಮೇಲೊಂದು ಹಾಕಿ ನೋಡುತ್ತಿತ್ತು, ಅಷ್ಟರಿಂದಲೇ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರ್‌ಗಳು ಅದರ ವಶವಾದವು. ನಿಮ್ಮ ಪ್ರತಿ ಪೆಟ್ಟಿಗೆಗೂ ಬೇರೆಯದೇ ಆದ ಮೊದಲ ಪಾಸ್‌ವರ್ಡ್ ಇರಲಿ, ಅದು ಪೆಟ್ಟಿಗೆಯ ಚೀಟಿಯ ಮೇಲೆ ಅಚ್ಚಾಗಿರಲಿ.

ಅಪ್‌ಡೇಟ್‌ಗಳನ್ನು ಬಳಕೆದಾರರ ಇಷ್ಟಕ್ಕೆ ಬಿಡಬೇಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ದುರುದ್ದೇಶದ ತಂತ್ರಾಂಶ ಹಬ್ಬಿದ್ದು 2017ರ ಮೇ ತಿಂಗಳಲ್ಲಿ, ಅದು ಬಳಸಿಕೊಂಡ ದೋಷಕ್ಕೆ ತಿದ್ದುಪಡಿ ಬಂದಿದ್ದು ಅದೇ ವರ್ಷ ಮಾರ್ಚ್‌ನಲ್ಲಿ. ಆದರೆ ತಾನಾಗಿ ಅಪ್‌ಡೇಟ್ ಆಗಿ ಎದ್ದೇಳದ ಪೆಟ್ಟಿಗೆ ದಾಳಿಗಿಂತ ಕಡಿಮೆ ನಷ್ಟವನ್ನೇನೂ ಮಾಡುವುದಿಲ್ಲ. ವ್ಯವಸ್ಥೆಯ ಎರಡು ಪ್ರತಿಗಳನ್ನು ಎರಡು ವಿಭಾಗಗಳಲ್ಲಿ ಇಟ್ಟು, ಖಾಲಿ ಇರುವುದಕ್ಕೆ ಹೊಸ ಆವೃತ್ತಿ ಬರೆದು, ಅದು ಸರಿಯಾಗಿ ಏಳದಿದ್ದರೆ ಹಳೆಯದಕ್ಕೆ ತಾನೇ ಮರಳುವ ಕ್ರಮವನ್ನು ಗೂಗಲ್‌ನ ಕ್ರೋಮ್‌ಓಎಸ್ ವರ್ಷಗಳಿಂದ ನಡೆಸುತ್ತಿದೆ. ನೀವೂ ಅದನ್ನೇ ಅನುಸರಿಸಬಹುದು.

ಹೊರಗಿನ ಪ್ರವೇಶಕ್ಕಾಗಿ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದ್ವಾರ, ತೆರೆಸುವ ದಾರಿಯನ್ನು ಬಿಟ್ಟುಬಿಡಿ. ಎಷ್ಟೋ ಸಂಪರ್ಕಗಳಲ್ಲಿ ರೂಟರ್‌ಗೆ ಸಿಗುವುದು 100.64ರಿಂದ 100.127ರವರೆಗಿನ ಸಾಲಿನ ಹಂಚಿಕೆಯ ವಿಳಾಸ. ಹೊರಗಿನವರು ಅದನ್ನು ನೇರವಾಗಿ ತಲುಪಲು ಆಗುವುದಿಲ್ಲ. ಪೆಟ್ಟಿಗೆಯೇ ಒಳಗಿನಿಂದ ವೈರ್‌ಗಾರ್ಡ್ ಸುರಂಗವನ್ನು, ಅಂದರೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕವನ್ನು, ಹೊರಗಿನ ಒಂದು ನೆಲೆಗೆ ಕಟ್ಟಿಕೊಳ್ಳಲಿ.

ಯಂತ್ರಾಂಶ ದುರಸ್ತಿ ಮಾಡುವವರು

ಬಳಸಿ ಬಿಟ್ಟ ಮಿನಿ ಪಿಸಿ ಎಂದಿರಿ. ಅದರೊಳಗಿನ ಸಿಆರ್2032 ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸದೆ ಒಂದನ್ನೂ ಕೊಡಬೇಡಿ. ಇದು ಚಿಕ್ಕ ಮಾತೆಂದು ತೋರಬಹುದು, ಆದರೆ ನನ್ನ ಮೇಜಿಗೆ ಬಂದ ಒಂದು ಪೆಟ್ಟಿಗೆಯ ಕಥೆ ಕೇಳಿ.

ಕರೆಂಟ್ ಹೋಗಿ ಬಂದಾಗಲೆಲ್ಲ ಆ ಪೆಟ್ಟಿಗೆಯ ಬ್ಯಾಕಪ್ ನಿಲ್ಲುತ್ತಿತ್ತು, ಹೊರಗಿನ ಪ್ರವೇಶವೂ ಕಡಿಯುತ್ತಿತ್ತು, ಕಚೇರಿಯೊಳಗಿನ ಫೈಲ್‌ಗಳು ಮಾತ್ರ ಸರಿಯಾಗಿ ತೆರೆಯುತ್ತಿದ್ದವು. ಬ್ಯಾಟರಿ ಸತ್ತಿದ್ದರಿಂದ ಗಡಿಯಾರ ಪ್ರತಿ ಸಲವೂ ಹಲವು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಆ ದಿನಾಂಕದಲ್ಲಿ ನೋಡಿದರೆ ಬ್ಯಾಕಪ್ ಸೇವೆಯ ಟಿಎಲ್‌ಎಸ್ ಪ್ರಮಾಣಪತ್ರ, ಅಂದರೆ ಆ ಸೇವೆ ಅಸಲಿಯೆಂದು ತೋರಿಸುವ ಪತ್ರ, ಇನ್ನೂ ಹುಟ್ಟಿಯೇ ಇಲ್ಲ, ಆದ್ದರಿಂದ ಸಂಪರ್ಕವನ್ನು ಪೆಟ್ಟಿಗೆ ನಿರಾಕರಿಸುತ್ತಿತ್ತು. ವೈರ್‌ಗಾರ್ಡ್ ಕೂಡ ಹಿಂದಿನ ಸಲಕ್ಕಿಂತ ಹಳೆಯ ಸಮಯಮುದ್ರೆ ಹೊತ್ತು ಬಂದ ಕೋರಿಕೆಯನ್ನು ಒಪ್ಪುವುದಿಲ್ಲ. ಜಾಲದಿಂದ ಸಮಯ ಕೇಳಿ ಗಡಿಯಾರ ಸರಿಪಡಿಸಬೇಕಾದ ಎನ್‌ಟಿಪಿ ಸೇವೆಗೆ ಸರ್ವರ್‌ನ ಹೆಸರಿನಿಂದ ವಿಳಾಸ ತಿಳಿಯಬೇಕು, ಅಲ್ಲಿ ಸಿಕ್ಕ ವಿಳಾಸ ನಕಲಿಯಲ್ಲವೆಂದು ನೋಡುವ ಡಿಎನ್‌ಎಸ್‌ಸೆಕ್ ಪರಿಶೀಲನೆ ಇತ್ತು, ಆ ಪರಿಶೀಲನೆಗೆ ಸರಿಯಾದ ಸಮಯ ಬೇಕಿತ್ತು. ಬೀಗದ ಕೈ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ ಎಂಬಂತಾಗಿತ್ತು. ರಾಸ್ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಕಂಪ್ಯೂಟರ್ ಬಳಸುವವರಿಗೂ ಇದೇ ಎಚ್ಚರಿಕೆ: ಐದನೆಯ ಪೀಳಿಗೆಗೆ ಮುಂಚಿನ ಪೈಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ, ಐದರಲ್ಲಿ ಚಿಪ್ ಇದ್ದರೂ ಬ್ಯಾಟರಿಯನ್ನು ಬೇರೆಯಾಗಿ ಕೊಂಡು ಜೋಡಿಸಬೇಕು.

ಪರಿಹಾರ ಕಷ್ಟವಲ್ಲ. ಕೊನೆಯದಾಗಿ ಗೊತ್ತಿದ್ದ ಸಮಯವನ್ನು ಆಗಾಗ ಡಿಸ್ಕ್‌ಗೆ ಬರೆಯುತ್ತಿರಲಿ, ಏಳುವಾಗ ಗಡಿಯಾರ ಅದಕ್ಕಿಂತ ಹಿಂದಿದ್ದರೆ ಅದನ್ನೇ ಹಿಡಿಯಲಿ, ಎನ್‌ಟಿಪಿಯನ್ನು ಮೊದಲು ಕಚೇರಿಯ ರೂಟರ್‌ನಿಂದಲೇ ಕೇಳಲಿ. ಹಲವು ಯಂತ್ರಗಳಲ್ಲಿ ಬ್ಯಾಟರಿ ಸತ್ತರೆ ಬಯೋಸ್, ಅಂದರೆ ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶದ, ಸೆಟ್ಟಿಂಗ್‌ಗಳೂ ಅಳಿಸಿಹೋಗುತ್ತವೆ, ಅವುಗಳಲ್ಲಿ ಕರೆಂಟ್ ಬಂದ ಕೂಡಲೇ ತಾನಾಗಿ ಏಳಬೇಕು ಎಂಬ ಸೆಟ್ಟಿಂಗ್ ಕೂಡ ಒಂದು.

ಚರ್ಚೆ ಆರಂಭಿಸಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನಿಮ್ಮ ಮಾತುಗಳನ್ನು ಓದಿದ ಮೇಲೆ ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿ ಒಂದೇ ಒಂದು ಪರೀಕ್ಷೆ ಮಾಡಿದೆ. ಓಡುತ್ತಿದ್ದ ಪೆಟ್ಟಿಗೆಯನ್ನು ಬದಿಗಿಟ್ಟೆ. ತಂತ್ರಜ್ಞಾನದ ಪರಿಚಯವಿಲ್ಲದ ಒಬ್ಬರಿಗೆ ಖಾಲಿ ಡಿಸ್ಕ್‌ಗಳಿರುವ ಇನ್ನೊಂದು ಪೆಟ್ಟಿಗೆ, ಒಂದು ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್ ಮತ್ತು ಒಂದು ಪುಟದ ಸೂಚನೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತೆ.

ಮೊದಲ ಸಲ ಸೋತೆವು. ಬ್ಯಾಕಪ್ ಗೂಢಲಿಪಿಯಲ್ಲಿತ್ತು, ಅದರ ಕೀಲಿ ಹಳೆಯ ಪೆಟ್ಟಿಗೆಯೊಳಗೆ ಮಾತ್ರ ಇತ್ತು. ಹಳೆಯ ಪೆಟ್ಟಿಗೆ ನಿಜವಾಗಿ ಸುಟ್ಟುಹೋಗಿದ್ದರೆ ಕೈಯಲ್ಲಿದ್ದ ಬ್ಯಾಕಪ್‌ನಿಂದ ಒಂದು ಅಕ್ಷರವನ್ನೂ ಓದಲು ಆಗುತ್ತಿರಲಿಲ್ಲ. ಇಷ್ಟು ದಿನ ಇದನ್ನು ನಾನು ಗಮನಿಸಲೇ ಇಲ್ಲವೆಂಬುದು ಮನಸ್ಸಿಗೆ ನೋವಾಯಿತು. ಈಗ ಕೀಲಿಯನ್ನು ಮೊದಲ ದಿನವೇ ಕಾಗದದ ಮೇಲೆ ಎರಡು ಪ್ರತಿ ಮುದ್ರಿಸಿ, ಅದರಲ್ಲಿನ ಕೆಲವು ಪದಗಳನ್ನು ಬಳಕೆದಾರರು ಟೈಪ್ ಮಾಡಿ ತೋರಿಸುವವರೆಗೆ ಸಿದ್ಧತೆ ಮುಗಿಯದಂತೆ ಮಾಡಿದ್ದೇನೆ.

ಎರಡನೆಯ ಸಲ ಗೆದ್ದೆವು, ಆದರೆ ನಿಧಾನವಾಗಿ. ದತ್ತಾಂಶ 180 ಜಿಬಿ ಇತ್ತು. ಸೆಕೆಂಡಿಗೆ 50 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಹೊರಗಿನ ಪ್ರತಿಯಿಂದ ಅದನ್ನು ತರಲು ಎಂಟು ಗಂಟೆ ಬೇಕು. ಸೆಕೆಂಡಿಗೆ 100 ಮೆಗಾಬೈಟ್ ಓದುವ ಯುಎಸ್‌ಬಿ ಡಿಸ್ಕ್‌ನಿಂದ ಅರ್ಧ ಗಂಟೆ ಸಾಕು. ಹೊರಗಿನ ಪ್ರತಿಯೇ ಗತಿಯಾದಾಗ ಈಗ ಎಲ್ಲವೂ ಬರುವವರೆಗೆ ಕಾಯಿಸುವುದಿಲ್ಲ: ಮೊದಲು ಲೆಕ್ಕದ ದತ್ತಸಂಚಯ, ಆಮೇಲೆ ಕಳೆದ ಮೂವತ್ತು ದಿನಗಳಲ್ಲಿ ತೆರೆದ ಫೈಲ್‌ಗಳು, ಹಳೆಯವು ಕೊನೆಗೆ. ಒಂದು ಗಂಟೆಯೊಳಗೆ ಕಚೇರಿ ಕೆಲಸ ಆರಂಭಿಸಬಹುದು.

ಜಾಲ ನಿರ್ವಾಹಕರೊಬ್ಬರು

ದತ್ತಸಂಚಯವನ್ನು ಅದು ಓಡುತ್ತಿರುವಾಗಲೇ ಫೈಲಿನಂತೆ ನಕಲು ಮಾಡುತ್ತಿದ್ದೀರಾ? ಹಾಗಾದರೆ ಮರಳಿ ತಂದ ಪ್ರತಿ ತೆರೆದರೂ ಒಳಗೆ ಅರ್ಧ ಬರೆದ ದಾಖಲೆಗಳು ಇರಬಹುದು.

ಚರ್ಚೆ ಆರಂಭಿಸಿದವರು

ಇಲ್ಲ. ದತ್ತಸಂಚಯದ್ದೇ ಆದ ಡಂಪ್ (ಪೂರ್ಣ ಪ್ರತಿ ತೆಗೆಯುವ) ಸೌಲಭ್ಯದಿಂದ ಪ್ರತಿ ತೆಗೆದು, ಉಳಿದ ಫೈಲ್‌ಗಳನ್ನು ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಸ್ನ್ಯಾಪ್‌ಶಾಟ್‌ನಿಂದ, ಅಂದರೆ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟ ಪ್ರತಿಯಿಂದ, ನಕಲು ಮಾಡುತ್ತೇನೆ. ಜೊತೆಗೆ ವಾರಕ್ಕೊಮ್ಮೆ ಪೆಟ್ಟಿಗೆ ತನ್ನದೇ ಬ್ಯಾಕಪ್‌ನಿಂದ ಆ ಪ್ರತಿಯನ್ನು ತಾತ್ಕಾಲಿಕ ಜಾಗಕ್ಕೆ ಮರಳಿ ತಂದು, ತೆರೆದು, ಕೊನೆಯ ದಾಖಲೆಯ ದಿನಾಂಕವನ್ನು ಓದುತ್ತದೆ. ಸೋಮವಾರದ ಹಾಳೆಯಲ್ಲಿ ಅಚ್ಚಾಗುವುದು ಆ ದಿನಾಂಕ.

ಲೆಕ್ಕಪತ್ರ ಕಚೇರಿಯೊಂದರ ವ್ಯವಸ್ಥಾಪಕಿ

ಹಾಳೆಯ ಮಾದರಿ ನೋಡಿದೆ, ಚೆನ್ನಾಗಿದೆ. ಒಂದು ಕೊರತೆ ಮಾತ್ರ ಉಳಿದಿದೆ. ನೀವು ನೋಡಿಕೊಳ್ಳುವವರ ಹೆಸರನ್ನು ಕೇಳುತ್ತೀರಿ, ಒಬ್ಬರದ್ದು ಮಾತ್ರ. ನಮ್ಮಲ್ಲಿ ಆ ಒಬ್ಬರೇ ಹೋಗಿಬಿಟ್ಟಿದ್ದರು. ನಾಳೆ ನಾನೂ ರಜೆಯಲ್ಲಿರಬಹುದು.

ಚರ್ಚೆ ಆರಂಭಿಸಿದವರು

ನಿಮ್ಮ ಮಾತು ಸರಿ. ಇಂದಿನಿಂದ ಮೊದಲ ದಿನದ ಪ್ರಶ್ನೆಗಳು ಐದು: ಎರಡನೆಯ ವ್ಯಕ್ತಿ ಯಾರು ಎಂಬುದು ಐದನೆಯದು. ಕೀಲಿಯ ಎರಡನೆಯ ಕಾಗದ ಅವರ ಬಳಿ ಇರುತ್ತದೆ, ಎಚ್ಚರಿಕೆಗಳು ಇಬ್ಬರಿಗೂ ಹೋಗುತ್ತವೆ, ಮೂರು ತಿಂಗಳಿಗೊಮ್ಮೆ ಆ ಇಬ್ಬರೂ ಇನ್ನೂ ಕಚೇರಿಯಲ್ಲಿದ್ದಾರೆಯೇ ಎಂದು ಪೆಟ್ಟಿಗೆ ಸೋಮವಾರದ ಹಾಳೆಯಲ್ಲೇ ಕೇಳುತ್ತದೆ. ಮುಂದಿನ ಪರೀಕ್ಷೆಯನ್ನು ನಿಮ್ಮ ಕಚೇರಿಯಲ್ಲೇ ಮಾಡಲು ಒಪ್ಪುವುದಾದರೆ ಖಾಲಿ ಪೆಟ್ಟಿಗೆಯನ್ನು ನಾನು ತರುತ್ತೇನೆ. ಅದನ್ನು ಎಬ್ಬಿಸುವ ಕೆಲಸ ನಿಮ್ಮದಲ್ಲ, ನೀವು ಹೆಸರಿಸುವ ಆ ಎರಡನೆಯವರದ್ದು.